ಎಂಡೊನನ್ನು ಕರೆದದ್ದು ಜರ್ಸಿ ಮಾರೋಕಲ್ಲ

ನಮಸ್ಕಾರ ಸ್ನೇಹಿತರೇ. ಇವತ್ತು ಟ್ರಾನ್ಸ್‌ಫರ್ ಸುದ್ದಿ ಮಾತಾಡೋಣ ಅಂತ ಎಲ್ಲ ಬರೆದಿಟ್ಟಿದ್ದೆ. ಅದನ್ನು ಪಕ್ಕಕ್ಕಿಟ್ಟೆ. ಯಾಕಂದ್ರೆ ಹೋದ ವಿಡಿಯೊ ಕೆಳಗೆ ಒಬ್ಬರು, ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಲಿವರ್‌ಪೂಲ್ ಕರೆತಂದ ಜಪಾನಿನ ಮಿಡ್‌ಫೀಲ್ಡರ್ ವಟಾರು ಎಂಡೊ ಬಗ್ಗೆ ಕಾಮೆಂಟ್ ಹಾಕಿದ್ದಾರೆ. "ಲಿವರ್‌ಪೂಲ್‌ನವರು ಎಂಡೊನನ್ನು ತಗೊಂಡಿದ್ದು ಜಪಾನಿನಲ್ಲಿ ಜರ್ಸಿ ಮಾರೋಕೆ ಬ್ರೋ, ಅಷ್ಟೇ." ಅದಕ್ಕೆ ಸಾಲುಸಾಲಾಗಿ ಲೈಕು. ಕೆಳಗೆ ಇನ್ನೊಬ್ಬರು ಬಂದು, "ಜಪಾನಿನವರನ್ನು ಎಲ್ಲರೂ ತಗೊಳ್ಳೋದು ಅದಕ್ಕೇ" ಅಂದಿದ್ದಾರೆ. ಓದಿ ಮೈ ಉರಿದುಹೋಯಿತು.

ಈ ಮಾತು ಹೊಸದಲ್ಲ. ಜಪಾನಿನವನೇ ಆದ ನಕಾಟಾ ಇಟಲಿಗೆ ಹೋದಾಗಲೂ ಇದೇ ಅಂದರು. 1998ರಲ್ಲಿ ಪೆರುಜಾ ಪರ ಆಡಿದ ಮೊದಲ ಲೀಗ್ ಪಂದ್ಯದಲ್ಲೇ ಯುವೆಂಟಸ್ ವಿರುದ್ಧ ಎರಡು ಗೋಲು ಹೊಡೆದ. ಆಮೇಲೆ ಕಗಾವಾ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದ, ಅದೇ ರಾಗ. ಮಿನಾಮಿನೊ ಲಿವರ್‌ಪೂಲ್‌ಗೆ ಬಂದ, ಅದೇ ರಾಗ. 2021-22ರಲ್ಲಿ ಲಿವರ್‌ಪೂಲ್ ಲೀಗ್ ಕಪ್ಪನ್ನೂ ಎಫ್‌ಎ ಕಪ್ಪನ್ನೂ ಗೆದ್ದಿತು. ಆ ಎರಡರಲ್ಲೂ ಸೇರಿ ಮಿನಾಮಿನೊ ಏಳು ಗೋಲು ಹೊಡೆದಿದ್ದ. ಜರ್ಸಿ ಹೊಡೆದಿದ್ದಾ ಆ ಗೋಲುಗಳನ್ನು?

ಇವತ್ತು ನಾನು ಹೇಳೋದು ಒಂದೇ ಮಾತು. ವಟಾರು ಎಂಡೊನನ್ನು ಕರೆದವರೆಲ್ಲ ಅವನ ಆಟ ಬೇಕಾಗಿತ್ತು ಅಂತಲೇ ಕರೆದರು. ಇದನ್ನು ಇನ್ನೂ ನಾಲ್ಕು ಸಲ ಹೇಳುತ್ತೇನೆ, ಕೇಳಿಸಿಕೊಳ್ಳಿ.

ಎಂಡೊ ಹುಟ್ಟಿದ್ದು 1993ರಲ್ಲಿ, ಯೊಕೊಹಾಮಾದಲ್ಲಿ. ಶೋನಾನ್ ಬೆಲ್‌ಮಾರೆಯಲ್ಲಿ ಬೆಳೆದ, ಆಮೇಲೆ ಉರಾವಾ ರೆಡ್ಸ್. 2017ರಲ್ಲಿ ಉರಾವಾ ಏಷ್ಯಾದ ಚಾಂಪಿಯನ್ಸ್ ಲೀಗ್ ಗೆದ್ದಾಗ ಆ ತಂಡದಲ್ಲಿದ್ದ. ಯುರೋಪಿಗೆ ಹೊರಟಿದ್ದು 2018ರಲ್ಲಿ, 25ನೇ ವಯಸ್ಸಿಗೆ. ಹೋಗಿದ್ದು ಬೆಲ್ಜಿಯಂನ ಸಿಂಟ್ ಟ್ರುಯ್ಡೆನ್ ಅನ್ನೋ ಸಣ್ಣ ಕ್ಲಬ್‌ಗೆ. "ಅದು ಜಪಾನಿನ ಕಂಪನಿಯದ್ದೇ ಕ್ಲಬ್ ತಾನೇ?" ಅಂತ ಈಗ ಯಾರೋ ಟೈಪ್ ಮಾಡುತ್ತಿರುತ್ತೀರಿ. ಹೌದು, ಅವರದ್ದೇ. ತೊಮಿಯಾಸು, ಕಮಾಡಾ ಎಲ್ಲ ಆ ಬಾಗಿಲಿಂದಲೇ ಬಂದರು. ಆದರೆ ಅಲ್ಲಿಂದ ಮುಂದಿನ ಬಾಗಿಲು ಯಾರೂ ತೆರೆದಿಟ್ಟಿರಲಿಲ್ಲ.

2019ರಲ್ಲಿ ಸ್ಟುಟ್‌ಗಾರ್ಟ್. ಆಗ ಆ ಕ್ಲಬ್ ಜರ್ಮನಿಯ ಎರಡನೇ ಡಿವಿಷನ್‌ಗೆ ಬಿದ್ದಿತ್ತು. ಎಂಡೊ ಹೋಗಿದ್ದು ಲೋನ್ ಮೇಲೆ, ಅಂದರೆ ತಾತ್ಕಾಲಿಕವಾಗಿ, ಮೊದಲ ಕೆಲವು ತಿಂಗಳು ಕೂತಿದ್ದು ಬೆಂಚಿನ ಮೇಲೆ. ಎರಡನೇ ಡಿವಿಷನ್ ತಂಡದ ಬೆಂಚಿನಲ್ಲಿ ಕೂತವನ ಜರ್ಸಿಯನ್ನು ಟೋಕಿಯೊದಲ್ಲಿ ಕ್ಯೂ ನಿಂತು ಕೊಂಡರು ಅಂತೀರಾ? ಸುಮ್ನೆ ಬಾಯಿಗೆ ಬಂದದ್ದು ಹೇಳೋದಲ್ಲ.

ಅವಕಾಶ ಸಿಕ್ಕ ಮೇಲೆ ಜಾಗ ಬಿಡಲಿಲ್ಲ. 2020ರಲ್ಲಿ ತಂಡ ಜರ್ಮನಿಯ ಮೊದಲ ಡಿವಿಷನ್ ಬುಂಡೆಸ್‌ಲಿಗಾಗೆ ವಾಪಸ್ ಬಂತು. 2020-21, 2021-22, ಎರಡೂ ಸೀಸನ್‌ನಲ್ಲಿ ಇಡೀ ಬುಂಡೆಸ್‌ಲಿಗಾದಲ್ಲಿ ಅತಿ ಹೆಚ್ಚು ಡ್ಯುಯೆಲ್ ಗೆದ್ದವನು ಎಂಡೊ. ಡ್ಯುಯೆಲ್ ಅಂದರೆ ಚೆಂಡಿಗಾಗಿ ಇಬ್ಬರೇ ಎದುರುಬದುರಾಗಿ ಸೆಣಸುವುದು. ಇವನ ಎತ್ತರ 178 ಸೆಂಟಿಮೀಟರ್. ಎದುರಿಗೆ ಬಂದವರಲ್ಲಿ ಎಷ್ಟೋ ಜನ ಅವನಿಗಿಂತ ಒಂದು ತಲೆ ಎತ್ತರ. ಆದರೂ ಚೆಂಡು ಇವನ ಕಾಲಿಗೆ. ಅದು ಹೇಗೆ ಅಂತ ಗಮನಿಸಿ ನೋಡಿ. ಚೆಂಡು ಇನ್ನೂ ದೂರ ಇರುವಾಗಲೇ ಭುಜದ ಮೇಲಿಂದ ಒಮ್ಮೆ ಹಿಂದೆ ನೋಡುತ್ತಾನೆ. ಎದುರಾಳಿ ಪಾಸ್ ತಗೊಳ್ಳೋಕೆ ಬೆನ್ನು ತಿರುಗಿಸುತ್ತಾನಲ್ಲ, ಆ ಹೊತ್ತಿಗೆ ಎಂಡೊ ಅರ್ಧ ಹೆಜ್ಜೆ ಮುಂದೆ ಬಂದು ಕಾಲು ಚಾಚಿಯಾಗಿರುತ್ತದೆ. ಆ ಎದುರಾಳಿಗೆ ತಿರುಗೋಕೇ ಆಗಲ್ಲ. ಟಿವಿ ಕ್ಯಾಮೆರಾ ಅಷ್ಟರಲ್ಲಿ ಬೇರೆ ಕಡೆ ಹೋಗಿರುತ್ತದೆ. ಮದುವೆಮನೆಯಲ್ಲಿ ಅಡುಗೆ ಭಟ್ಟರ ಫೋಟೊ ಯಾರು ತೆಗೀತಾರೆ ಹೇಳಿ? ಊಟ ಮಾತ್ರ ಎಲ್ಲರಿಗೂ ಬೇಕು.

2022ರ ಮೇ 14. ಈ ಪಂದ್ಯ ನೋಡದವರು ದಯವಿಟ್ಟು ನೋಡಿ. ಬುಂಡೆಸ್‌ಲಿಗಾದ ಕೊನೆಯ ದಿನ, ಸ್ಟುಟ್‌ಗಾರ್ಟ್ ಎದುರು ಕೊಲೋನ್. ಸ್ಟುಟ್‌ಗಾರ್ಟ್ ಗೆಲ್ಲಲೇಬೇಕು, ಅತ್ತ ಡಾರ್ಟ್‌ಮುಂಡ್‌ನಲ್ಲಿ ಹೆರ್ಥಾ ಬರ್ಲಿನ್ ಸೋಲಲೇಬೇಕು. ಹಾಗಾದರೆ ಮಾತ್ರ ಪ್ಲೇ-ಆಫ್, ಅಂದರೆ ಕೆಳಗಿನ ಡಿವಿಷನ್‌ಗೆ ಬೀಳದಿರೋಕೆ ಇನ್ನೊಮ್ಮೆ ಆಡಬೇಕಾದ ಗಂಡಾಂತರ ತಪ್ಪುತ್ತದೆ. ಹೆರ್ಥಾ 1-2ರಿಂದ ಸೋಲುವ ಹಾದಿಯಲ್ಲಿದೆ. ಇಲ್ಲಿ ನೋಡಿದರೆ 1-1, ನಿಗದಿತ ಸಮಯ ಮುಗಿದೇ ಹೋಗಿದೆ. 92ನೇ ನಿಮಿಷದಲ್ಲಿ ಕಾರ್ನರ್. ಹತ್ತಿರದ ಕಂಬದ ಕಡೆ ಹಿರೋಕಿ ಇಟೊ ತಲೆ ತಾಗಿಸುತ್ತಾನೆ, ಚೆಂಡು ಆಚೆ ಕಂಬದತ್ತ ತೇಲುತ್ತದೆ, ಅಲ್ಲಿ ಎಂಡೊ. ತಲೆಯಿಂದಲೇ ಒಳಗೆ. ಇಡೀ ಸ್ಟೇಡಿಯಂ ಎದ್ದು ನಿಂತಿತು, ಪಂದ್ಯ ಮುಗಿದದ್ದೇ ಜನ ಮೈದಾನಕ್ಕೆ ನುಗ್ಗಿದರು. ಸ್ಟುಟ್‌ಗಾರ್ಟ್, ಹೆರ್ಥಾ ಎರಡಕ್ಕೂ 33 ಅಂಕ. ಗೋಲು ಅಂತರದಲ್ಲಿ ಸ್ಟುಟ್‌ಗಾರ್ಟ್ ಉಳಿಯಿತು. ಆ ಊರಿನವರು ಲೆಜೆಂಡ್, ಎಂಡೊ ಎರಡನ್ನೂ ಸೇರಿಸಿ ಇವನನ್ನು ಲೆಜೆಂಡೊ ಅಂತ ಕರೆದರು. ತಾಗಿಸಿಕೊಟ್ಟವನೂ ಜಪಾನಿನವನು, ಗೋಲು ಹೊಡೆದವನೂ ಜಪಾನಿನವನು. ಇಬ್ಬರೂ ಜರ್ಸಿ ಮಾರೋಕೆ ಬಂದವರು, ಅಲ್ವಾ? ನಾಚಿಕೆ ಆಗಬೇಕು.

ಈ ಗೋಲಿನ ಬಗ್ಗೆಯೇ ನಮ್ಮ ಚಾನೆಲ್‌ನಲ್ಲಿ ಒಂದು ಪೂರ್ತಿ ವಿಡಿಯೊ ಇದೆ, ಲಿಂಕ್ ಕೆಳಗೆ ಹಾಕಿದ್ದೇನೆ. ಕನ್ನಡದಲ್ಲಿ ಫುಟ್‌ಬಾಲ್ ಬಗ್ಗೆ ಇಷ್ಟು ವಿವರವಾಗಿ ಮಾತಾಡುವ ಚಾನೆಲ್‌ಗಳು ಕಡಿಮೆ. ಸಬ್‌ಸ್ಕ್ರೈಬ್ ಮಾಡಿ, ಮನೆಯವರ ಫೋನಿನಲ್ಲೂ ಮಾಡಿಸಿ.

ಈಗ ಲಿವರ್‌ಪೂಲ್‌ಗೆ ಬರೋಣ. 2023ರ ಆಗಸ್ಟ್. ಹೆಂಡರ್ಸನ್, ಫಾಬಿನ್ಯೊ ಇಬ್ಬರೂ ಸೌದಿಗೆ ಹೋಗಿಯಾಗಿತ್ತು. ಮಿಡ್‌ಫೀಲ್ಡ್ ಕಾಯುವವರೇ ಇಲ್ಲ. ಕೈಸೆಡೊಗೆ 11 ಕೋಟಿ ಪೌಂಡ್‌ಗಿಂತ ಜಾಸ್ತಿ ಕೊಡುತ್ತೇವೆ ಅಂದರು, ಅವನು ಚೆಲ್ಸಿಗೆ ಹೋದ. ಲಾವಿಯಾನನ್ನು ಕೇಳಿದರು, ಅವನೂ ಚೆಲ್ಸಿಗೆ ಹೋದ. ಆಮೇಲೆ ಸುಮಾರು 1.6 ಕೋಟಿ ಪೌಂಡ್ ಕೊಟ್ಟು 30 ವರ್ಷದ ಎಂಡೊನನ್ನು ತಂದರು. ಮಾರನೆಯ ದಿನವೇ ಬೋರ್ನ್‌ಮತ್ ಜೊತೆ ಪಂದ್ಯ. ಮ್ಯಾಕ್ ಅಲಿಸ್ಟರ್‌ಗೆ ರೆಡ್ ಕಾರ್ಡ್ ಬಿತ್ತು, ಹತ್ತೇ ಜನ ಉಳಿದರು. ಆಗಿನ ಕೋಚ್ ಕ್ಲೊಪ್ ತಕ್ಷಣ ಎಬ್ಬಿಸಿದ್ದು ಯಾರನ್ನು? ಹಿಂದಿನ ದಿನ ಬಂದವನನ್ನು. ಲಿವರ್‌ಪೂಲ್ 3-1ರಿಂದ ಗೆದ್ದಿತು. ಹತ್ತು ಜನರಲ್ಲಿ ಆಡುವಾಗ ಯಾವ ಕೋಚ್ ಅಂಗಡಿ ವ್ಯಾಪಾರ ನೋಡುತ್ತಾನೆ ಸ್ವಾಮಿ? ಬೇಕಾಗಿತ್ತು, ಕರೆದರು.

"ಶುರುವಿನಲ್ಲಿ ಸ್ಪೀಡ್ ಸಾಲದೆ ತಡವರಿಸಿದ" ಅಂತ ಒಬ್ಬರು. ಸರಿ, ಮೊದಲ ಕೆಲವು ವಾರ ತಡವರಿಸಿದ. ಇಂಗ್ಲೆಂಡಿಗೆ ಬಂದು ತಡವರಿಸದೇ ಇದ್ದವರ ಪಟ್ಟಿ ಕೊಡಿ, ಓದುತ್ತೇನೆ. ಡಿಸೆಂಬರ್ 3ರಂದು ಫುಲಂ ವಿರುದ್ಧ 2-3ರಿಂದ ಹಿಂದೆ ಇದ್ದಾಗ ಸಬ್ ಆಗಿ ಬಂದ ಎಂಡೊ 87ನೇ ನಿಮಿಷದಲ್ಲಿ ಸಮ ಮಾಡಿದ. ಮರುನಿಮಿಷವೇ ಟ್ರೆಂಟ್ ಹೊಡೆದು 4-3. ಅದು ಮರೆತುಹೋಯಿತಾ?

ಇನ್ನು 2024ರ ಫೆಬ್ರವರಿ 25, ವೆಂಬ್ಲಿ, ಲೀಗ್ ಕಪ್ ಫೈನಲ್. ನಮ್ಮಲ್ಲಿ ಭಾನುವಾರ ರಾತ್ರಿ ಎಂಟೂವರೆಗೆ ಶುರು. ಎದುರಿಗೆ ಚೆಲ್ಸಿ, ಅವರ ಮಿಡ್‌ಫೀಲ್ಡ್‌ನಲ್ಲಿ ಅದೇ ಕೈಸೆಡೊ. ಲಿವರ್‌ಪೂಲ್ ಅರ್ಧ ತಂಡ ಗಾಯಾಳು. ಅರ್ಧ ಗಂಟೆಯೊಳಗೆ ಗ್ರಾವೆನ್‌ಬರ್ಕ್ ಸ್ಟ್ರೆಚರ್ ಮೇಲೆ ಹೊರಗೆ. ಕೊನೆಕೊನೆಗೆ ಮೈದಾನದಲ್ಲಿ ಇದ್ದವರು ಡ್ಯಾನ್ಸ್, ಮೆಕ್‌ಕಾನಲ್, ಕ್ಲಾರ್ಕ್ ತರದ ಅಕಾಡೆಮಿ ಹುಡುಗರು. ಅವರ ಮಧ್ಯೆ ಎಂಡೊ, ಪೂರ್ತಿ 120 ನಿಮಿಷ. ಅದೇ ತಿಂಗಳ ಶುರುವಿನಲ್ಲಿ ಏಷ್ಯನ್ ಕಪ್‌ನಲ್ಲಿ ಜಪಾನಿನ ಕ್ಯಾಪ್ಟನ್ ಆಗಿ ಆಡಿ ಬಂದಿದ್ದ. 118ನೇ ನಿಮಿಷದಲ್ಲಿ ವ್ಯಾನ್ ಡೈಕ್ ಹೆಡರ್, 1-0, ಕಪ್ ಲಿವರ್‌ಪೂಲ್‌ಗೆ. 11 ಕೋಟಿಯವನೂ ಅಲ್ಲೇ ಇದ್ದ, 1.6 ಕೋಟಿಯವನೂ ಅಲ್ಲೇ ಇದ್ದ. ಕಪ್ ಎತ್ತಿದ್ದು ಯಾರು?

"ಸ್ಲಾಟ್ ಬಂದ ಮೇಲೆ ಬೆಂಚಿಗೆ ತಳ್ಳಿದರಲ್ಲ?" ಕ್ಲೊಪ್ ಆದಮೇಲೆ ಬಂದ ಕೋಚ್ ಸ್ಲಾಟ್ ಬಗ್ಗೆ ಇದು ಇನ್ನೊಂದು ದೊಡ್ಡ ವಾದ. ತಳ್ಳಿದರು. ಅದೇ ಜಾಗಕ್ಕೆ ಜುಬಿಮೆಂಡಿಯನ್ನೂ ಕೇಳಿದರು, ಅವನು ಬರಲಿಲ್ಲ. ಅದೇ ಬೇಸಿಗೆಯಲ್ಲಿ ಮಾರ್ಸೇ ಕ್ಲಬ್‌ನವರು ಎಂಡೊಗೆ ದುಡ್ಡು ತಂದರು, ಲಿವರ್‌ಪೂಲ್ ಬೇಡ ಅಂದಿತು. 31 ವರ್ಷದವನನ್ನು ಮಾರದೆ ಇಟ್ಟುಕೊಂಡರು. 2024-25ರಲ್ಲಿ ಲೀಗ್ ಗೆದ್ದಾಗ ಎಂಡೊ 20 ಲೀಗ್ ಪಂದ್ಯ ಆಡಿದ್ದ, ಹೆಚ್ಚೂಕಮ್ಮಿ ಎಲ್ಲದರಲ್ಲೂ ಬೆಂಚಿನಿಂದ ಎದ್ದು ಬಂದು. ಒಂದು ಗೋಲು ಮುಂದಿದ್ದೀವಿ, ಎದುರಾಳಿ ಮೈಮೇಲೆ ಬೀಳುತ್ತಿದ್ದಾರೆ ಅಂದರೆ ಸೈಡ್‌ಲೈನ್‌ನಲ್ಲಿ 3ನೇ ನಂಬರ್ ಜರ್ಸಿ ನಿಂತಿರುತ್ತಿತ್ತು. ಫೆಬ್ರವರಿಯಲ್ಲಿ ವುಲ್ವ್ಸ್ ವಿರುದ್ಧ 2-1 ಪಂದ್ಯ ನೆನಪಿದೆಯಾ? ಸೆಕೆಂಡ್ ಹಾಫ್‌ನಲ್ಲಿ ಬಂದು ಒಂದೊಂದೇ ಚೆಂಡು ತಲೆಯಿಂದ, ಕಾಲಿನಿಂದ ಆಚೆ ಹಾಕುತ್ತಲೇ ಇದ್ದ. ಲೀಗ್ ಕಪ್‌ನಲ್ಲಿ ಸೌತಾಂಪ್ಟನ್ ವಿರುದ್ಧ ಸೆಂಟರ್‌ಬ್ಯಾಕ್ ಜಾಗಕ್ಕೆ, ಅಂದರೆ ಡಿಫೆನ್ಸ್‌ನ ನಟ್ಟನಡುವೆ ಹಾಕಿದರು, ಅದನ್ನೂ ಆಡಿದ.

ಜರ್ಸಿ ಲೆಕ್ಕವನ್ನೂ ಮಾಡೋಣ ಅಂದುಕೊಂಡೆ. ಒಂದು ಜರ್ಸಿ ಮಾರಿದರೆ ದೊಡ್ಡ ಪಾಲು ಅದನ್ನು ತಯಾರಿಸಿ ಮಾರುವವರಿಗೇ ಹೋಗುತ್ತದೆ, ಕ್ಲಬ್ ಕೈಗೆ ಬರೋದು ಚೂರು. ಆ ಚೂರಿನಲ್ಲಿ 1.6 ಕೋಟಿ ಪೌಂಡ್ ವಾಪಸ್ ಬರಬೇಕಾದರೆ ಎಷ್ಟು ಜರ್ಸಿ ಬೇಕು ಅಂತ ನೀವೇ ಕೂತು ಲೆಕ್ಕ ಹಾಕಿ. ನನಗೆ ತಾಳ್ಮೆ ಇಲ್ಲ.

ಅದೂ ಅಲ್ಲದೆ ಜಪಾನ್! 2022ರ ವಿಶ್ವಕಪ್‌ಗೆ ಎರಡೇ ವಾರ ಇರುವಾಗ ತಲೆಗೆ ಪೆಟ್ಟು ಬಿದ್ದು ಕಂಕಷನ್ ಆಗಿತ್ತು. ಚೇತರಿಸಿಕೊಂಡು ಜರ್ಮನಿ ವಿರುದ್ಧ ಆಡಿದ, 2-1ರಿಂದ ಗೆದ್ದರು. ಆಮೇಲೆ ದೇಶದ ಕ್ಯಾಪ್ಟನ್. ಅದೂ ಜರ್ಸಿ ಮಾರೋಕಾ? ಏನ್ರೀ ಮಾತಾಡ್ತೀರಿ?

ಕರೆದದ್ದು ಬೇಕಾಗಿತ್ತು ಅಂತ. ಸ್ಟುಟ್‌ಗಾರ್ಟ್‌ಗೆ ಬೇಕಾಗಿತ್ತು, ಕ್ಲೊಪ್‌ಗೆ ಬೇಕಾಗಿತ್ತು, ಬೆಂಚಿನಲ್ಲಿ ಕೂರಿಸಿದ ಸ್ಲಾಟ್‌ಗೂ ಬೇಕಾಗಿತ್ತು. ಬೇಡ ಅಂತ ಇರೋದು ಕಾಮೆಂಟ್ ಬಾಕ್ಸ್‌ನವರಿಗೆ ಮಾತ್ರ!

ಭಾನುವಾರ ರಾತ್ರಿ ಲೈವ್ ಬರುತ್ತೇನೆ. ವೆಂಬ್ಲಿ ಫೈನಲ್‌ನಲ್ಲಿ ಎಂಡೊ ಎಲ್ಲಿ ನಿಂತಿದ್ದ, ಯಾವಾಗ ಹೆಜ್ಜೆ ಇಟ್ಟ ಅಂತ ಬೋರ್ಡ್ ಮೇಲೆ ಬರೆದು ತೋರಿಸುತ್ತೇನೆ. ವಾದ ಮಾಡೋರು ಆ 120 ನಿಮಿಷ ನೋಡಿಕೊಂಡು ಬನ್ನಿ.