ಅಳತೆ ನನ್ನದು, ಕಡತ ಯಾರದು?

ಅಂಗಿಯ ತೋಳು ಒಂದಿಂಚು ಉದ್ದವಾದರೂ ದರ್ಜಿಯ ಬಳಿಗೆ ಹಿಂದಿರುಗುವ ನಾವು, ಒಬ್ಬರು ದಿನವಿಡೀ ಕುಳಿತಿರಬೇಕಾದ ಗಾಲಿಕುರ್ಚಿಯನ್ನು ಮಾತ್ರ ಶಿಬಿರದಲ್ಲಿ ಸಾಲಾಗಿ ನಿಲ್ಲಿಸಿ, ಕೈಗೆ ಸಿಕ್ಕಿದ್ದನ್ನು ಕೊಟ್ಟು, ಫೋಟೊ ತೆಗೆಸಿಕೊಂಡು ಕಳುಹಿಸಿಬಿಡುತ್ತೇವೆ. ಕುರ್ಚಿ ಅಗಲವಾದರೆ ಸೊಂಟ ಒಂದು ಬದಿಗೆ ವಾಲುತ್ತದೆ, ಚಕ್ರ ಕೈಗೆ ದೂರವಾಗಿ ಭುಜ ನೋಯುತ್ತದೆ. ಕಾಲಿಡುವ ಹಲಗೆ ತೀರಾ ಮೇಲಿದ್ದರೆ ಮೈಭಾರವೆಲ್ಲ ಪೃಷ್ಠದ ಮೂಳೆಗಳ ಮೇಲೆ ಬೀಳುತ್ತದೆ. ಬೆನ್ನುಹುರಿಗೆ ಪೆಟ್ಟಾಗಿ ಸ್ಪರ್ಶ ಕಳೆದುಕೊಂಡವರಿಗೆ ಅಲ್ಲಿ ಹುಣ್ಣಾದದ್ದು ತಿಳಿಯುವುದೂ ಇಲ್ಲ.

ಇದಕ್ಕೆಲ್ಲ, ಕಂಪ್ಯೂಟರಿನಲ್ಲಿರುವ ಆಕಾರವನ್ನು ಪದರದ ಮೇಲೆ ಪದರವಿಟ್ಟು ವಸ್ತುವಾಗಿಸುವ ತ್ರೀಡಿ ಪ್ರಿಂಟರೇ ಮದ್ದು ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. 2021ರಲ್ಲಿ ಮದ್ರಾಸ್ ಐಐಟಿಯಿಂದ ಹೊರಬಂದ ನಿಯೋಫ್ಲೈ ಗಾಲಿಕುರ್ಚಿಯನ್ನು ಬಳಸುವವರ ಮೈಗೆ ತಕ್ಕಂತೆ 18 ರೀತಿಯಲ್ಲಿ ಹೊಂದಿಸಬಹುದು. ಅದರ ಹೆಚ್ಚುಗಾರಿಕೆ ಇರುವುದು ಅಳತೆ ತೆಗೆದುಕೊಳ್ಳುವುದರಲ್ಲಿ, ಪ್ರಿಂಟರಿನಲ್ಲಲ್ಲ.

ಕಂಪ್ಯೂಟರಿನಲ್ಲಿ ಆಕಾರ ತಿದ್ದಿ ಮಾಡುವ ಡಿಜಿಟಲ್ ತಯಾರಿಕೆಯ ನಿಜವಾದ ಲಾಭ ಕಾಣುವುದು ಕೃತಕ ಕಾಲಿನ ಸಾಕೆಟ್‌ನಲ್ಲಿ. 1968ರಲ್ಲಿ ರೂಪುಗೊಂಡ ಜೈಪುರ ಪಾದವೆಂಬ ಕೃತಕ ಪಾದವನ್ನು ಚಪ್ಪಲಿಯಂತೆ ಅಳತೆವಾರು ಮಾಡಿಟ್ಟುಕೊಳ್ಳಬಹುದು, ಆದರೆ ಕತ್ತರಿಸಿದ ಮೇಲೆ ಉಳಿದ ಕಾಲಿನ ಭಾಗವನ್ನು ಹಿಡಿದಿಡುವ ಸಾಕೆಟ್ ಒಬ್ಬರದು ಇನ್ನೊಬ್ಬರಿಗೆ ಆಗದು. ಹಳೆಯ ಕ್ರಮದಲ್ಲಿ ಪ್ಲಾಸ್ಟರ್ ಪಟ್ಟಿ ಸುತ್ತಿ ಅಚ್ಚು ತೆಗೆದು, ಅದರೊಳಗೆ ಪ್ಲಾಸ್ಟರ್ ಹೊಯ್ದು, ಭಾರ ತಾಳಬಲ್ಲ ಕಡೆ ಅರದಿಂದ ಉಜ್ಜಿ, ಮೂಳೆ ಎದ್ದಿರುವ ಕಡೆ ಮತ್ತಷ್ಟು ಪ್ಲಾಸ್ಟರ್ ಮೆತ್ತುತ್ತಾರೆ. ಸಾಕೆಟ್ ಆದ ಮೇಲೆ ಆ ಅಚ್ಚನ್ನು ಸಾಮಾನ್ಯವಾಗಿ ಒಡೆದುಹಾಕಲಾಗುತ್ತದೆ. ಶಸ್ತ್ರಚಿಕಿತ್ಸೆಯ ನಂತರದ ತಿಂಗಳುಗಳಲ್ಲಿ ಬಾವು ಇಳಿದು ಕಾಲು ಸಣ್ಣದಾದಾಗ ಮತ್ತೆ ಮೊದಲಿನಿಂದ ಕೆಲಸ. ಸ್ಕ್ಯಾನ್ ಮಾಡಿ, ಅದೇ ತಿದ್ದುಪಡಿಯನ್ನು ಕಂಪ್ಯೂಟರಿನಲ್ಲಿ ಮಾಡಿದರೆ, ಆ ಕೈಚಳಕ ಕಂಪ್ಯೂಟರ್ ಕಡತವಾಗಿ ಉಳಿಯುತ್ತದೆ. ಎಲ್ಲಿ ಒತ್ತಬೇಕು, ಎಲ್ಲಿ ಸಡಿಲ ಬಿಡಬೇಕು ಎಂಬ ತೀರ್ಮಾನ ಮಾತ್ರ ಆಗಲೂ ಕಾಲು ಮುಟ್ಟಿ ನೋಡಿದ ತಜ್ಞರದೇ. ಗಾಜಿನ ಪೆಟ್ಟಿಗೆಯೊಳಗೆ ಕಾಲೊಂದು ಪದರ ಪದರವಾಗಿ ಬೆಳೆಯುವ ವಿಡಿಯೊ ನನಗೂ ಇಷ್ಟ. ಆದರೆ ಹಾಗೆ ಮುದ್ರಿಸಿದ ವಸ್ತು ಬಿರುಕು ಬಿಡುವುದು ಹೆಚ್ಚಾಗಿ ಆ ಪದರಗಳ ನಡುವೆಯೇ, ಆದ್ದರಿಂದ ಸಾವಿರಾರು ಹೆಜ್ಜೆಗಳ ಭಾರವನ್ನು ಪರೀಕ್ಷಿಸದೆ ಅದನ್ನು ಯಾರ ಕಾಲಿಗೂ ತೊಡಿಸಬಾರದು.

ಈಗ ನನ್ನ ತಕರಾರಿಗೆ ಬರುತ್ತೇನೆ. ಆ ಕಡತ ತಯಾರಕರ ಕಂಪ್ಯೂಟರಿನಲ್ಲೇ ಉಳಿದರೆ, ರಾಯಚೂರಿನಿಂದ ಬೆಂಗಳೂರಿಗೆ ಬಂದು ಅಳತೆ ಕೊಟ್ಟವರು ಸಾಕೆಟ್ ಬಿರಿದಾಗ ಮತ್ತೆ ರೈಲು ಹತ್ತಲೇಬೇಕು. ಒಡೆದ ಅಚ್ಚಿಗೂ ಬೀಗ ಹಾಕಿದ ಕಡತಕ್ಕೂ ಅವರ ಪಾಲಿಗೆ ಏನೂ ವ್ಯತ್ಯಾಸವಿಲ್ಲ. ಸಾಧನದ ಜೊತೆಗೆ ಕಡತವನ್ನೂ ಬಳಕೆದಾರರ ಕೈಗೆ ಕೊಡಬೇಕೆಂಬ ಷರತ್ತನ್ನು ಸರ್ಕಾರಿ ಹಣ ಪಡೆಯುವ ಪ್ರತಿಯೊಂದು ಯೋಜನೆಗೂ ಹಾಕಬೇಕು. ತ್ರೀಡಿ ಮುದ್ರಣಕ್ಕೆ ಬಳಸುವ ಎಸ್‌ಟಿಎಲ್ ಎಂಬ ಬಗೆಯ ಕಡತವನ್ನಷ್ಟೇ ಕೊಟ್ಟು ಕೈತೊಳೆದುಕೊಂಡರೆ ಸಾಲದು, ಏಕೆಂದರೆ ಅದು ಮೇಲ್ಮೈಯ ಆಕಾರವನ್ನಷ್ಟೇ ಹೇಳುತ್ತದೆ; ಮೊದಲ ಸ್ಕ್ಯಾನ್, ಅದರ ಮೇಲಿನ ತಿದ್ದುಪಡಿಗಳು, ಬಳಸಿದ ವಸ್ತು ಮತ್ತು ಗೋಡೆಯ ದಪ್ಪ, ಇಷ್ಟೂ ಜೊತೆಗಿದ್ದರೆ ಮಾತ್ರ ಮುಂದಿನ ಸಾಕೆಟನ್ನು ರಾಯಚೂರಿನಲ್ಲೇ ಮಾಡಬಹುದು.