ಟ್ರಸ್ಟಿಯ ಕೈ ಕಟ್ಟುವುದು ಟ್ರಸ್ಟ್ ಡೀಡ್
(ದಾವಣಗೆರೆಯಲ್ಲಿ ಸಣ್ಣ ಟ್ರಸ್ಟ್‌ಗಳ ಪದಾಧಿಕಾರಿಗಳಿಗೂ ದಾನಿಗಳ ಮನೆಯವರಿಗೂ ಕೊಟ್ಟ ಉಪನ್ಯಾಸ)

ಹಿರಿಯರಿಗೆ, ಅಕ್ಕತಂಗಿಯರಿಗೆ, ಎಲ್ಲರಿಗೂ ನಮಸ್ಕಾರ.

ದಾವಣಗೆರೆಯಲ್ಲಿ ದಾನಿಗಳ ಹೆಸರು ದಿನಾ ನಮ್ಮ ಬಾಯಲ್ಲಿರುತ್ತದೆ. ರಾಜನಹಳ್ಳಿ ಹನುಮಂತಪ್ಪನವರ ಛತ್ರ, ಚಿಗಟೇರಿ ಆಸ್ಪತ್ರೆ ಅಂತ ಆಟೋದವರಿಗೆ ಹೇಳಿಯೇ ಹತ್ತುತ್ತೇವೆ. ದೊಡ್ಡ ಸಂಸ್ಥೆಗಳ ಮಾತು ಇವತ್ತು ಬೇಡ. ಹತ್ತಿ, ಅಕ್ಕಿ, ದಲಾಲಿ ವ್ಯಾಪಾರದಲ್ಲಿ ದುಡಿದವರು ಒಂದು ಗೋದಾಮನ್ನೋ ಎರಡು ಮಳಿಗೆಯನ್ನೋ ಬರೆದಿಟ್ಟು, ಇದರ ಬಾಡಿಗೆಯಲ್ಲಿ ಬಡ ಮಕ್ಕಳು ಓದಲಿ ಅಂದರಲ್ಲ, ಅಂಥ ಸಣ್ಣ ಟ್ರಸ್ಟ್‌ಗಳ ಬಗ್ಗೆ ಮಾತಾಡೋಣ.

ಒಂದು ಉದಾಹರಣೆ ಕಟ್ಟಿಕೊಳ್ಳುತ್ತೇನೆ. ಇದು ಯಾರ ಟ್ರಸ್ಟೂ ಅಲ್ಲ, ವಿಷಯ ತಿಳಿಯಲಿ ಅಂತ ನಾನೇ ಮಾಡಿದ್ದು. ಮಂಡಿಪೇಟೆಯ ವ್ಯಾಪಾರಿಯೊಬ್ಬರು 1968ರಲ್ಲಿ ಟ್ರಸ್ಟ್ ಡೀಡ್, ಅಂದರೆ ಆಸ್ತಿಯನ್ನು ಯಾವುದಕ್ಕೆ, ಹೇಗೆ ಬಳಸಬೇಕು ಅನ್ನುವ ಪತ್ರ, ಬರೆಸಿದರು. ಗೋದಾಮಿನ ಬಾಡಿಗೆ ಹಳ್ಳಿಯ ಬಡ ವಿದ್ಯಾರ್ಥಿಗಳ ಹಾಸ್ಟೆಲ್ ಖರ್ಚಿಗೆ ಹೋಗಬೇಕು. ಉಳಿದ ದುಡ್ಡು ಬ್ಯಾಂಕಿನಲ್ಲೇ ಇರಬೇಕು. ಇದನ್ನೆಲ್ಲ ನೋಡಿಕೊಳ್ಳುವುದಕ್ಕೆ ಐದು ಜನ ಟ್ರಸ್ಟಿಗಳು. ಇಷ್ಟೇ ಡೀಡಿನ ಸಾರ.

ಈಗ ಹಾಲಿ ಟ್ರಸ್ಟಿಗಳು ಮೂರು ಕೆಲಸ ಮಾಡಿದ್ದಾರೆ ಅಂದುಕೊಳ್ಳಿ. ದುಗ್ಗಮ್ಮನ ಜಾತ್ರೆ ಬಂತು, ಅನ್ನದಾನಕ್ಕೆ ಹಾಸ್ಟೆಲ್ ದುಡ್ಡಿನಿಂದ ಒಂದು ಲಕ್ಷ ಕೊಟ್ಟರು. ಕಾರ್ಯದರ್ಶಿ ತನ್ನ ಮಗನ ಅಕ್ಕಿ ಗಿರಣಿಗೆ ಎಫ್‌ಡಿ ಮುರಿದು ಆರು ಲಕ್ಷ ಕೈಗಡ ಕೊಡಿಸಿದರು, ನಾಲ್ಕು ಲಕ್ಷ ವಾಪಸ್ ಬಂತು. ಇನ್ನೊಂದು ಐದು ಲಕ್ಷಕ್ಕೆ ಸೈಟು ಕೊಂಡರು, ಅದರ ಬೆಲೆ ಎಂಟು ಲಕ್ಷ ಆಯಿತು.

ಮೊದಲು ಜಾತ್ರೆಯದೇ ಹೇಳುತ್ತೇನೆ. ಯಾಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ಅನ್ನದಾನ ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ದುಡ್ಡು ಟ್ರಸ್ಟಿಗಳದ್ದಲ್ಲ. ಕೊಟ್ಟವರು ಯಾರಿಗೆ ಅಂತ ಬರೆದು ಹೋಗಿದ್ದಾರೆ. ಆ ಒಂದು ಲಕ್ಷ ಹೋದಾಗ ಯಾವುದೋ ಹಳ್ಳಿಯ ಹುಡುಗಿಗೆ ಹಾಸ್ಟೆಲ್ ಫೀಸು ಇಲ್ಲದೆ ಹೋಯಿತು. ಅವಳು ಸಭೆಯಲ್ಲಿ ಕೂತಿರಲಿಲ್ಲ, ಬೇಡ ಅನ್ನುವುದಕ್ಕೆ. ಅವಳ ಪರವಾಗಿ ಮಾತಾಡುವುದು ಡೀಡ್ ಒಂದೇ. ಅದಕ್ಕೇ ಕಾನೂನು ಡೀಡನ್ನು ಅಷ್ಟು ಬಿಗಿಯಾಗಿ ಹಿಡಿದಿದೆ.

1882ರ ಭಾರತೀಯ ಟ್ರಸ್ಟ್ ಕಾಯ್ದೆಯ 11ನೇ ಕಲಂ ಪ್ರಕಾರ, ಟ್ರಸ್ಟಿ ಟ್ರಸ್ಟಿನ ಉದ್ದೇಶ ಈಡೇರಿಸಬೇಕು, ಟ್ರಸ್ಟ್ ಮಾಡಿದವರು ಆಗ ಕೊಟ್ಟ ಸೂಚನೆಗಳನ್ನು ಪಾಲಿಸಬೇಕು. 15ನೇ ಕಲಂ ಪ್ರಕಾರ, ತನ್ನದೇ ಆಸ್ತಿ ಆಗಿದ್ದರೆ ಬುದ್ಧಿವಂತ ಮನುಷ್ಯ ಎಷ್ಟು ಜೋಪಾನ ಮಾಡುತ್ತಿದ್ದನೋ ಅಷ್ಟು ಜೋಪಾನ ಬೇಕು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈ ಕಾಯ್ದೆ ನೇರವಾಗಿ ಅನ್ವಯಿಸುವುದು ಖಾಸಗಿ ಟ್ರಸ್ಟ್‌ಗಳಿಗೆ, ಅಂದರೆ ಮನೆಯವರಂಥ ಗೊತ್ತಾದ ಕೆಲವರಿಗಾಗಿ ಮಾಡಿದವಕ್ಕೆ. ನಮ್ಮ ಉದಾಹರಣೆಯಂಥ ಸಾರ್ವಜನಿಕ ಧರ್ಮಾದಾಯ ಟ್ರಸ್ಟ್‌ಗಳನ್ನು ಅದರ 1ನೇ ಕಲಮೇ ಹೊರಗಿಟ್ಟಿದೆ. ಹಾಗಂತ ಸಾರ್ವಜನಿಕ ಟ್ರಸ್ಟಿಗಳಿಗೆ ಕಟ್ಟುಪಾಡು ಇಲ್ಲ ಅಂದುಕೊಳ್ಳಬೇಡಿ. ಮೂಲ ತತ್ವಗಳನ್ನು ಕೋರ್ಟುಗಳು ಅವರಿಗೂ ಹಚ್ಚುತ್ತವೆ.

ಇನ್ನು ಗಿರಣಿಯ ಸಾಲ. ಡೀಡ್ ಒಪ್ಪದ ವ್ಯವಹಾರ ಕೋರ್ಟಿನ ಮುಂದೆ ಬಂದರೆ ಲೆಕ್ಕ ಹೇಗೆ ನೋಡುತ್ತಾರೆ ಗೊತ್ತಾ? ರೋಕಡಿ ಪುಸ್ತಕದಲ್ಲಿ ‘ಗಿರಣಿಗೆ ಸಾಲ, ಆರು ಲಕ್ಷ’ ಅಂತ ಬರೆದಿರುವ ನಮೂದನ್ನು ಹೊಡೆದು ಹಾಕುತ್ತಾರೆ. ಆ ಖರ್ಚು ಆಗಲೇ ಇಲ್ಲ, ಆರು ಲಕ್ಷ ಬ್ಯಾಂಕಿನಲ್ಲೇ ಇದೆ ಅಂತ ಲೆಕ್ಕ. ಇಲ್ಲದಿದ್ದರೆ ಟ್ರಸ್ಟಿಗಳು ಕೈಯಿಂದ ತುಂಬಬೇಕು. ಗಿರಣಿ ಮುಳುಗಿತು, ಬೆಳೆ ಕೈಕೊಟ್ಟಿತು, ನಾವೇನು ಮಾಡೋಣ ಅನ್ನುವ ಮಾತು ನಡೆಯುವುದಿಲ್ಲ. ಡೀಡಿನ ಒಳಗೇ ಇದ್ದು, ಜಾಗರೂಕತೆಯಿಂದ ಮಾಡಿಯೂ ನಷ್ಟವಾದರೆ ಟ್ರಸ್ಟಿಗೆ ರಕ್ಷಣೆ ಇದೆ. ಡೀಡು ದಾಟಿದವರಿಗೆ ಅದು ಸಿಗುವುದಿಲ್ಲ.

ಬಡ್ಡಿಯ ಮಾತೂ ಇದೆ. 23ನೇ ಕಲಮಿನಲ್ಲಿ ಹೇಳಿರುವ ಕೆಲವು ಸಂದರ್ಭಗಳಲ್ಲಿ ಟ್ರಸ್ಟಿ ವರ್ಷಕ್ಕೆ ಶೇಕಡ 6ರಂತೆ ಸರಳ ಬಡ್ಡಿ ಕಟ್ಟಬೇಕು, ಕೋರ್ಟು ಬೇರೆ ಹೇಳದಿದ್ದರೆ. ಟ್ರಸ್ಟಿ ಆ ದುಡ್ಡನ್ನು ವ್ಯಾಪಾರಕ್ಕೇ ಹಾಕಿದ್ದರೆ ಇನ್ನೂ ಬಿಗಿ. ಆರು ತಿಂಗಳಿಗೊಮ್ಮೆ ಸೇರಿಸುವ ಚಕ್ರಬಡ್ಡಿ ಕೊಡಬೇಕು, ಇಲ್ಲವೇ ವ್ಯಾಪಾರದಲ್ಲಿ ಬಂದ ನಿವ್ವಳ ಲಾಭ ಕೊಡಬೇಕು. ಎರಡರಲ್ಲಿ ಯಾವುದು ಬೇಕು ಅಂತ ಆರಿಸುವವರು ಫಲಾನುಭವಿಗಳು, ಟ್ರಸ್ಟಿ ಅಲ್ಲ. ನನಗೆ ಈ ಕಲಂ ತುಂಬಾ ಇಷ್ಟ. ಪರರ ದುಡ್ಡಿನಲ್ಲಿ ಮಂಡಿ ನಡೆಸುವ ಆಸೆಯನ್ನೇ ಬೇರುಸಮೇತ ಕೀಳುತ್ತದೆ.

ಈಗ ಸೈಟಿನ ವಿಷಯ. ವಾರ್ಷಿಕ ಸಭೆಯಲ್ಲಿ ಟ್ರಸ್ಟಿಗಳು ಎದ್ದು ನಿಂತು, ‘ಗಿರಣಿಯಲ್ಲಿ ಎರಡು ಲಕ್ಷ ಹೋಯಿತು ನಿಜ, ಸೈಟಿನಲ್ಲಿ ಮೂರು ಲಕ್ಷ ಬಂತಲ್ಲ, ಒಟ್ಟು ಒಂದು ಲಕ್ಷ ಲಾಭವೇ’ ಅನ್ನುತ್ತಾರೆ. ಕೇಳುವವರಿಗೂ ಸರಿ ಅನ್ನಿಸುತ್ತದೆ. ಕಾನೂನು ಒಪ್ಪುವುದಿಲ್ಲ. ಒಂದು ತಪ್ಪಿನಲ್ಲಿ ಆದ ನಷ್ಟಕ್ಕೆ ಬೇರೆ ತಪ್ಪಿನಲ್ಲಿ ಬಂದ ಲಾಭ ವಜಾ ಮಾಡಿಕೊಳ್ಳುವಂತಿಲ್ಲ ಅನ್ನುತ್ತದೆ 24ನೇ ಕಲಂ. ಸೈಟಿನ ಲಾಭ ಪೂರ್ತಿ ಟ್ರಸ್ಟಿನದು. ಗಿರಣಿಯ ಎರಡು ಲಕ್ಷ ಬಡ್ಡಿ ಸಮೇತ ಟ್ರಸ್ಟಿಗಳ ಜೇಬಿನಿಂದ. ತಪ್ಪು ಮಾಡಿದವನಿಗೆ ಲಾಭದ ಪಾಲಿಲ್ಲ, ನಷ್ಟ ಮಾತ್ರ ಅವನದು.

‘ನಾನು ಸುಮ್ನೆ ಸಹಿ ಹಾಕಿದೆ, ಎಲ್ಲಾ ನೋಡಿಕೊಳ್ಳುತ್ತಿದ್ದವರು ಕಾರ್ಯದರ್ಶಿ’ ಅನ್ನುವವರು ಈ ಸಭೆಯಲ್ಲೂ ಇರಬಹುದು. ನಿಮ್ಮ ಮೇಲೆ ಕೋಪದಿಂದ ಹೇಳುತ್ತಿಲ್ಲ, ಕಾಳಜಿಯಿಂದ ಹೇಳುತ್ತಿದ್ದೇನೆ. ಡೀಡಿನಲ್ಲಿ ಬೇರೆ ರೀತಿ ಇಲ್ಲದಿದ್ದರೆ ಎಲ್ಲಾ ಟ್ರಸ್ಟಿಗಳೂ ಸೇರಿಯೇ ನಿರ್ಧಾರ ಮಾಡಬೇಕು. ಜೊತೆಗಾರ ತಪ್ಪು ಮಾಡುತ್ತಿದ್ದಾನೆ ಅಂತ ಗೊತ್ತಾದ ಮೇಲೆ ಸಕಾಲದಲ್ಲಿ ತಡೆಯಲು ಏನೂ ಮಾಡದಿದ್ದರೆ ನೀವೂ ಹೊಣೆ. ಐವರು ಸೇರಿ ತಪ್ಪು ಮಾಡಿದರೆ ತಲಾ ಐದನೇ ಒಂದು ಪಾಲು ಅಂತ ಇಲ್ಲ. ಪೂರ್ತಿ ನಷ್ಟಕ್ಕೆ ಒಬ್ಬೊಬ್ಬರೂ ಹೊಣೆ. ಮನೆ ಇರುವವರ ಮನೆ ಮೇಲೆ ಬರುತ್ತದೆ. ಆಮೇಲೆ ಪಾಲು ವಸೂಲಿ ನಿಮ್ಮ ನಿಮ್ಮಲ್ಲಿ ಮಾಡಿಕೊಳ್ಳಬೇಕು.

ಗೋದಾಮನ್ನೇ ಮಾರಿಬಿಟ್ಟರೆ? ಆಸ್ತಿ ಕೈ ಬದಲಾದರೂ ಟ್ರಸ್ಟಿನ ಹಕ್ಕು ಅದರ ಬೆನ್ನು ಹತ್ತುತ್ತದೆ. ಟ್ರಸ್ಟಿನ ಆಸ್ತಿ ಅಂತ ತಿಳಿಯದೆ, ಪ್ರಾಮಾಣಿಕವಾಗಿ, ಬೆಲೆ ಕೊಟ್ಟು ಕೊಂಡವನಿಗೆ ಮಾತ್ರ ರಕ್ಷಣೆ. ಡೀಡ್ ನೋಂದಣಿ ಆಗಿದ್ದರೆ ಗೊತ್ತಿರಲಿಲ್ಲ ಅನ್ನುವುದು ಸುಲಭವಲ್ಲ.

ಪರಿಹಾರ ಕೇಳುವುದು ಎಲ್ಲಿ? ಮಹಾರಾಷ್ಟ್ರದಲ್ಲಿ ಇರುವ ಹಾಗೆ ನಮ್ಮಲ್ಲಿ ಟ್ರಸ್ಟ್‌ಗಳ ಮೇಲೆ ನಿಗಾ ಇಡುವ ಚಾರಿಟಿ ಕಮಿಷನರ್ ಕಚೇರಿ ಇಲ್ಲ. ಸಾರ್ವಜನಿಕ ಟ್ರಸ್ಟ್ ಆದರೆ ಮುಖ್ಯ ದಾರಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಂ. ಟ್ರಸ್ಟಿನಲ್ಲಿ ಹಿತಾಸಕ್ತಿ ಇರುವ ಇಬ್ಬರು ಸಾಕು. ಕೋರ್ಟಿನ ಅನುಮತಿ ಪಡೆದು ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಬಹುದು. ಟ್ರಸ್ಟಿಯನ್ನು ತೆಗೆಯುವುದು, ಹೊಸಬರನ್ನು ನೇಮಿಸುವುದು, ಲೆಕ್ಕ ಕೇಳುವುದು, ಆಡಳಿತಕ್ಕೆ ಹೊಸ ವ್ಯವಸ್ಥೆ ರೂಪಿಸುವುದು ಎಲ್ಲಾ ಅಲ್ಲಿ ಆಗುತ್ತದೆ. ಆದರೆ ನಿಮ್ಮ ಸ್ವಂತ ಜಗಳ ಅಲ್ಲಿಗೆ ಒಯ್ಯಬೇಡಿ. ಇದು ಸಾರ್ವಜನಿಕರ ಪರವಾದ ದಾವೆ, ವೈಯಕ್ತಿಕ ಹಕ್ಕಿಗೆ ಅಲ್ಲ ಅಂತ 1974ರಲ್ಲೇ ಸ್ವಾಮಿ ಪರಮಾತ್ಮಾನಂದ ಸರಸ್ವತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೊಂಡವರಿಂದ ಆಸ್ತಿ ಬಿಡಿಸಿಕೊಳ್ಳಲು ಸಾಮಾನ್ಯವಾಗಿ ಬೇರೆ ದಾವೆ ಬೇಕಾಗುತ್ತದೆ. ದುಡ್ಡು ನುಂಗಿದ್ದರೆ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನ ಕೆಳಗೆ ಕ್ರಿಮಿನಲ್ ಕೇಸೂ ಆಗಬಹುದು.

ಡೀಡೇ ಹಳತಾಗಿದ್ದರೆ ಏನು ಮಾಡುವುದು ಅಂತ ಪ್ರಾಮಾಣಿಕ ಟ್ರಸ್ಟಿಗಳು ಕೇಳುತ್ತಾರೆ. ಸಂತೆಗೆ ಬರುವ ಎತ್ತುಗಳಿಗೆ ನೀರಿನ ತೊಟ್ಟಿ ಅಂತ ಬರೆದಿದ್ದರೆ ಈಗ ಎತ್ತಿನ ಗಾಡಿ ಎಲ್ಲಿವೆ, ಅಲ್ವಾ? ಆಗಲೂ ನೀವೇ ಕೂತು ಠರಾವು ಮಾಡಿ ಬದಲಿಸಬೇಡಿ. ಮೂಲ ಉದ್ದೇಶ ನಡೆಸಲು ಆಗದಿದ್ದಾಗ ಅದನ್ನು ಬದಲಿಸುವ ಅಧಿಕಾರ ಅದೇ 92ನೇ ಕಲಂ ಕೋರ್ಟಿಗೆ ಕೊಟ್ಟಿದೆ. ಆಸ್ತಿ ಮಾರಲು, ಬಾಡಿಗೆಗೆ ಕೊಡಲು ಅನುಮತಿಯನ್ನೂ ಅಲ್ಲೇ ಕೇಳಬಹುದು. ತಡವಾಗುತ್ತದೆ, ಖರ್ಚಾಗುತ್ತದೆ. ಆದರೂ ಅನುಮತಿ ಪಡೆದ ಟ್ರಸ್ಟಿ ರಾತ್ರಿ ನೆಮ್ಮದಿಯಾಗಿ ಮಲಗುತ್ತಾನೆ.

ಅವಧಿಯ ಮಾತೊಂದು ಉಳಿದಿದೆ. ಟ್ರಸ್ಟಿಯಿಂದ ಟ್ರಸ್ಟಿನ ಆಸ್ತಿ ವಾಪಸ್ ಪಡೆಯಲು, ಲೆಕ್ಕ ಕೇಳಲು 1963ರ ಕಾಲಮಿತಿ ಕಾಯ್ದೆಯ 10ನೇ ಕಲಂ ಪ್ರಕಾರ ಕಾಲದ ಗಡುವಿಲ್ಲ. ಬೆಲೆ ಕೊಟ್ಟು ಕೊಂಡವನ ವಿರುದ್ಧ ಗಡುವು ಇದೆ. ಸ್ಥಿರಾಸ್ತಿ ಆದರೆ ಮಾರಾಟ ಗೊತ್ತಾದ ದಿನದಿಂದ 12 ವರ್ಷ, ಚರ ಆಸ್ತಿ ಆದರೆ 3 ವರ್ಷ. ಹಾಗಾಗಿ ಅನುಮಾನ ಇದ್ದವರು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ. ಸ್ಥಿರಾಸ್ತಿಯ ಮೇಲೆ ನೋಂದಣಿ ಆದ ಡೀಡಿನ ದೃಢೀಕೃತ ನಕಲನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ಪಡೆಯಬಹುದು. ಜೊತೆಗೆ ಆ ಆಸ್ತಿಯ ಇ.ಸಿ. (ಋಣಭಾರ ಪ್ರಮಾಣ ಪತ್ರ) ತೆಗೆಸಿ, ನೋಂದಣಿ ಆದ ಮಾರಾಟ, ಅಡಮಾನ ಅದರಲ್ಲಿ ಕಾಣುತ್ತದೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ಓದಿ. ಡೀಡ್ ತಂದಿರುವವರು ಈಗ ಮುಂದೆ ಬನ್ನಿ, ಒಂದೊಂದಾಗಿ ನೋಡೋಣ.