ಯಾವ ಬ್ಲಾಕ್ ಅಂತ ಬರೀರಿ, ಡಾಕ್ಟ್ರೇ

ನಮಸ್ಕಾರ, ಮಡಿಕೇರಿಯಿಂದ ಮಾತಾಡುತ್ತಿದ್ದೇನೆ. ಶೀಟಿನ ಮೇಲೆ ಮಳೆ ಬೀಳುವ ಸದ್ದು ನಿಮಗೂ ಕೇಳಿಸಬಹುದು, ಸ್ವಲ್ಪ ಸಹಿಸಿಕೊಳ್ಳಿ.

ನನ್ನದು ಮೆಡಿಕಲ್ ಕೋಡಿಂಗ್ ಕೆಲಸ. ಅಮೆರಿಕದ ಆಸ್ಪತ್ರೆಗಳ ಫೈಲ್ ಓದಿ, ಡಾಕ್ಟರ್ ಬರೆದ ಕಾಯಿಲೆಗೆ ಐಸಿಡಿ-10 ಅನ್ನುವ ಕಾಯಿಲೆಗಳ ಪಟ್ಟಿಯ ಕೋಡ್ ಹಾಕುತ್ತೇನೆ. ಕರೆಂಟ್ ಇದ್ದಾಗ, ಅಷ್ಟೇ.

ಫೆಬ್ರವರಿಯಲ್ಲಿ ಮೆಣಸು ಕೊಯ್ಯುವಾಗ ನಮ್ಮ ಮಾವನಿಗೆ ಏಣಿ ಮೇಲೆಯೇ ಕಣ್ಣು ಕತ್ತಲೆ ಬಂತು. ಸದ್ಯ, ಎರಡನೇ ಮೆಟ್ಟಿಲಲ್ಲಿದ್ದರು. ಒಂದು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಮೈಸೂರಿಗೆ ಹೋಗಿ ತೋರಿಸಿ ಅಂದರು. ಚೀಟಿಯಲ್ಲಿ ಇದ್ದದ್ದು ಎರಡೇ ಪದ: ಹಾರ್ಟ್ ಬ್ಲಾಕ್.

ನಮ್ಮ ಕಡೆ ಬ್ಲಾಕ್ ಅಂದರೆ ರಕ್ತನಾಳ ಕಟ್ಟಿಕೊಂಡಿದೆ ಅಂತಲೇ ಅರ್ಥ. ಸಂಜೆಯೊಳಗೆ ನೆಂಟರ ಫೋನು. "ಎಷ್ಟು ಪರ್ಸೆಂಟಂತೆ? ಸ್ಟೆಂಟ್ ಒಂದಾ, ಎರಡಾ?" ಅತ್ತೆ ತುಪ್ಪದ ಡಬ್ಬ ಎತ್ತಿಟ್ಟರು. ಪಂದಿಕರಿ ಬಂದ್.

ಮಾವನ ರಕ್ತನಾಳ ಚೆನ್ನಾಗೇ ಇತ್ತು. ಕೈಕೊಟ್ಟಿದ್ದು ಹೃದಯದ ವೈರಿಂಗು. ಮೇಲಿನ ಕೋಣೆಯಲ್ಲಿ ಹುಟ್ಟುವ ಕರೆಂಟು ನಡುವಿನ ಜಂಕ್ಷನ್, ಅಂದರೆ ಎವಿ ನೋಡ್, ದಾಟಿ ಕೆಳಗಿನ ಕೋಣೆಗೆ ಇಳಿಯಬೇಕು. ತಡವಾಗಿ ಇಳಿದರೆ ಮೊದಲ ಡಿಗ್ರಿ ಬ್ಲಾಕ್. ನಡುನಡುವೆ ತಪ್ಪಿದರೆ ಎರಡನೇ ಡಿಗ್ರಿ. ಒಂದೂ ಇಳಿಯದಿದ್ದರೆ ಕಂಪ್ಲೀಟ್ ಬ್ಲಾಕ್. ಕೋಡುಗಳು ಕ್ರಮವಾಗಿ ಐ44.0, ಐ44.1, ಐ44.2. ಮೊದಲನೆಯದಕ್ಕೆ ಸಾಮಾನ್ಯವಾಗಿ ಒಂದು ಕಣ್ಣಿಟ್ಟಿದ್ದರೆ ಸಾಕು. ಕೊನೆಯದಕ್ಕೆ ಬಹುತೇಕ ಪೇಸ್‌ಮೇಕರೇ ಬೇಕು. ಎಷ್ಟು ಅಂತರ ನೋಡಿ!

ಬರೀ "ಹಾರ್ಟ್ ಬ್ಲಾಕ್" ಅಂತ ಬರೆದರೆ ನಾನು ಹಾಕಬೇಕಾದ ಕೋಡ್ ಐ45.9, ಅನ್‌ಸ್ಪೆಸಿಫೈಡ್. ಮಡಿಕೇರಿ ಬಸ್‌ಸ್ಟ್ಯಾಂಡಲ್ಲಿ ಯಾವ ಊರಿಗೆ ಅಂತ ಕೇಳಿದರೆ "ಘಟ್ಟದ ಕೆಳಗೆ" ಅಂದ ಹಾಗೆ.

ಇಸಿಜಿ ಫೈಲಲ್ಲೇ ಇದೆಯಲ್ಲ, ನೋಡ್ಕೊಳ್ಳಿ ಅನ್ನುವವರಿದ್ದಾರೆ. ಕೋಡರ್ ಗ್ರಾಫ್ ನೋಡಿ ಕಾಯಿಲೆ ತೀರ್ಮಾನಿಸುವ ಹಾಗಿಲ್ಲ. ಡಾಕ್ಟರ್ ಬರೆದಿರಬೇಕು. ಇಲ್ಲದಿದ್ದರೆ ಅವರನ್ನೇ ಕೇಳಬೇಕು. ಸರಿಯಾದ ನಿಯಮ ಅದು.

ಇನ್ನು ಆ ಕಾಗದದ ಕಥೆ ಕೇಳಿ. ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತೆ ಅಂತ ಅತ್ತೆ ಮಾರನೇ ದಿನವೇ ಇಸಿಜಿಯನ್ನು ಲ್ಯಾಮಿನೇಷನ್‌ಗೆ ಕೊಟ್ಟರು. ಅದು ಬಿಸಿ ತಾಗಿದರೆ ಕಪ್ಪಾಗುವ ಥರ್ಮಲ್ ಪೇಪರ್. ಮೆಷಿನ್‌ನ ಆ ಕಡೆಯಿಂದ ಹೊರಗೆ ಬಂದಿದ್ದು ಹೊಳೆಯುವ ಕಪ್ಪು ಪಟ್ಟಿ. ಅಂಗಡಿಯ ಹುಡುಗನಿಗೂ ಗಾಬರಿ. ನಾನು ಮೊದಲೇ ಮೊಬೈಲಲ್ಲಿ ಫೋಟೋ ತೆಗೆದಿಡಬೇಕಿತ್ತು, ಬುದ್ಧಿ ಓಡಲಿಲ್ಲ.

ಮೈಸೂರಿನಲ್ಲಿ ಹೊಸ ಇಸಿಜಿ ತೆಗೆದರೆ ಎಲ್ಲಾ ನಾರ್ಮಲ್! ಈ ಬ್ಲಾಕ್ ಕೆಲವರಲ್ಲಿ ಬಂದು ಹೋಗುತ್ತಿರುತ್ತದೆ. ಹಳೇದು ಕಪ್ಪು, ಚೀಟಿಯಲ್ಲಿ ಎರಡೇ ಪದ. ಬಿಡದೆ ಇಸಿಜಿ ದಾಖಲಿಸುವ ಹೋಲ್ಟರ್ ಅನ್ನುವ ಸಾಧನವನ್ನು 24 ಗಂಟೆ ಮೈಗೆ ಕಟ್ಟಿದ ಮೇಲೆ ಸಿಕ್ಕಿಬಿತ್ತು. ಅಲ್ಲಿಯ ಡಾಕ್ಟರ್ ಬರೆದರು: "ಎರಡನೇ ಡಿಗ್ರಿ ಎವಿ ಬ್ಲಾಕ್, ಮೊಬಿಟ್ಜ್ ಟೈಪ್ 2."

ಆ "ಟೈಪ್ 2" ಇದೆಯಲ್ಲ, ಅದು ಮುಖ್ಯ. ಟೈಪ್ 1 ಸಾಮಾನ್ಯವಾಗಿ ಅಷ್ಟು ಅಪಾಯದ್ದಲ್ಲ. ಟೈಪ್ 2 ಯಾವಾಗ ಬೇಕಾದರೂ ಕಂಪ್ಲೀಟ್ ಬ್ಲಾಕ್ ಆಗಬಹುದು. ತಮಾಷೆ ಅಂದರೆ ಎರಡಕ್ಕೂ ಕೋಡ್ ಒಂದೇ, ಐ44.1. ಕೋಡ್ ಹಾಕಿ ಹೊಟ್ಟೆ ಹೊರೆಯುವವನೇ ಹೇಳ್ತಿದ್ದೇನೆ, ಕೋಡ್ ನೋಡಿ ಸುಮ್ನಾಗಬೇಡಿ. ಡಾಕ್ಟರ್ ಬರೆದ ಸಾಲು ಕೇಳಿ ಇಸ್ಕೊಳ್ಳಿ.

ಮಾವನಿಗೆ ಪೇಸ್‌ಮೇಕರ್ ಹಾಕಿ ಆಯ್ತು. ಈಗ ಅವರ ಫೈಲಿಗೆ ಝಡ್95.0, ಅಂದರೆ ಪೇಸ್‌ಮೇಕರ್ ಇದೆ ಅನ್ನುವ ಕೋಡ್ ಕೂಡ ಸೇರಿದೆ. ಪಂದಿಕರಿ ವಾಪಸ್ ಬಂದಿದೆ. ಏಣಿ ಮಾತ್ರ ಅತ್ತೆಯ ಸುಪರ್ದಿನಲ್ಲಿದೆ.